ಕೆಂಪು ಇಟ್ಟಂಗಿ ಮನಿಗೆ ಯಾವ ಬಣ್ಣ ಒಪ್ಪತದ? ಪುಣೆ, ಮುಂಬಯಿ, ಗೋವಾದವರು ಹೇಳ್ರಿ

ಬಾವಧನ್_ಮನಿ
ಎಲ್ಲಾರಿಗೂ ನಮಸ್ಕಾರ್ರಿ. ಪುಣೆಯ ಬಾವಧನ್‌ನಾಗ ಎರಡು ಮಜಲಿನ ಹೊಸ ಮನಿ. ರಸ್ತೆ ಕಡೆಯ ಪಡುವಣ ಗ್ವಾಡಿ, ಪಾವಟಿಗಿ ಗ್ವಾಡಿ ಎರಡೂ ವೈರ್‌ಕಟ್ (ತಂತಿಲೆ ಕೊಯ್ದ) ಇಟ್ಟಂಗಿ, ಗಿಲಾವು ಇಲ್ಲ, ಸುಮಾರು 600 ಚದರ ಅಡಿ. ಉಳಿದ 1,400 ಚದರ ಅಡಿಗೆ ಗಿಲಾವು ಆಗಿ ಎರಡು ತಿಂಗಳಾತು. ಬುಡಕ್ಕ ಎರಡಡಿ ಕರಿಕಲ್ಲು ಅದ. ನಾಕು ಮಾತು ಕೇಳೂದದ: ಗಿಲಾವಿಗೆ ಯಾವ ಬಣ್ಣ? ಕಿಡಕಿ ಚೌಕಟ್ಟಿಗೆ ಯಾವುದು? ಇಟ್ಟಂಗಿಗೆ ವಾರ್ನಿಶ್ ಹೊಡೀಬೇಕೋ ಬ್ಯಾಡೋ? ಪೇಂಟರ್ "ಇಟ್ಟಂಗಿಗೂ ಬಿಳಿ ಹೊಡದ್ರ ಮನಿ ಎದ್ದು ಕಾಣತದ" ಅಂತಾನ, ಅದು ಖರೇ ಏನು? ಮಳಿ ಹಿಡಿಯೂದರೊಳಗ ಮುಗಿಸೋ ವಿಚಾರ ಅದ.

ಗಾರೆ_ಕರಣಿ
ನಾಲ್ಕನೆಯದಕ್ಕೆ ಮೊದಲು ಉತ್ತರ: ಬೇಡ, ಇಟ್ಟಿಗೆಗೆ ಬಣ್ಣ ಹೊಡೆಯಬೇಡಿ. ಇಟ್ಟಿಗೆ ನೀರು ಕುಡಿದು ಮತ್ತೆ ಬಿಡುವ ವಸ್ತು. ಒಳ್ಳೆಯ ಇಟ್ಟಿಗೆಯೂ ತನ್ನ ತೂಕದ 15ರಿಂದ 20 ಪ್ರತಿಶತ ನೀರು ಹೀರಬಹುದೆಂದು ಭಾರತೀಯ ಮಾನಕವೇ ಒಪ್ಪುತ್ತದೆ. ಮೇಲೆ ಎಮಲ್ಷನ್ ಪೊರೆ ಕಟ್ಟಿದರೆ ಸಂದಿನಿಂದ ಒಳಗೆ ಹೋದ ನೀರು ಆರುವ ದಾರಿ ಕಿರಿದಾಗುತ್ತದೆ. ಎರಡನೇ ಮಳೆಗಾಲಕ್ಕೆ ಪೊರೆ ಗುಳ್ಳೆ ಎದ್ದು ಹಕ್ಕಳೆಯಾಗಿ ಬೀಳುತ್ತದೆ. ತೆಗೆಸಲು ಹೋದರೆ ಇನ್ನೂ ಕಷ್ಟ. ಮರಳು ಊದಿ ತೆಗೆದರೆ ಬೆಂದು ಗಟ್ಟಿಯಾದ ಮೇಲ್ಮೈಯೇ ಕಿತ್ತು ಬರುತ್ತದೆ, ಒಳಗಿನ ಮೆತ್ತನೆಯ ಭಾಗ ಮಳೆಗೆ ಬೀಳುತ್ತದೆ. ಬಣ್ಣ ಗಿಲಾವಿಗಿರಲಿ.

ಇನ್ನು ಯಾವ ಬಣ್ಣ ಎನ್ನುವುದು. ಶೇಡ್ ಕಾರ್ಡ್ ಬಿಚ್ಚುವ ಮೊದಲು ಇಟ್ಟಿಗೆಯನ್ನು ಓದಿಕೊಳ್ಳಿ. ಕೆಂಪೆಂದರೆ ಒಂದೇ ಕೆಂಪಲ್ಲ. ಮಣ್ಣಿನಲ್ಲಿರುವ ಕಬ್ಬಿಣದ ಆಕ್ಸೈಡ್ ಭಟ್ಟಿಯಲ್ಲಿ ಹದವಾಗಿ ಬೆಂದರೆ ಕಿತ್ತಳೆಗೆ ವಾಲುತ್ತದೆ, ಹೆಚ್ಚು ಬೆಂದರೆ ನೇರಳೆಗಪ್ಪಿಗೆ ವಾಲುತ್ತದೆ. ಬರೀ ಕಣ್ಣಿಗೆ ಇದು ಗೊತ್ತಾಗುವುದಿಲ್ಲ. ಬಿಳಿ ಹಾಳೆಯೊಂದನ್ನು ಗೋಡೆಗೆ ಒತ್ತಿ ಹಿಡಿಯಿರಿ, ಪಕ್ಕದ ಇಟ್ಟಿಗೆ ಯಾವ ಕಡೆ ವಾಲಿದೆ ಎನ್ನುವುದು ತಕ್ಷಣ ಕಾಣುತ್ತದೆ. ಆಮೇಲೆ ಒಂದು ಚೊಂಬು ನೀರು ಎರಚಿ. ಒದ್ದೆ ಇಟ್ಟಿಗೆ ಒಣಗಿದ್ದಕ್ಕಿಂತ ಬಹಳ ಕಪ್ಪು. ವರ್ಷದಲ್ಲಿ ಮೂರು ನಾಲ್ಕು ತಿಂಗಳು ನಿಮ್ಮ ಮನೆ ತೋರುವ ಬಣ್ಣ ಅದೇ, ಹಾಗಾಗಿ ಆರಿಸುವ ಬಣ್ಣ ಎರಡಕ್ಕೂ ಒಪ್ಪಬೇಕು.

ಇಟ್ಟಿಗೆಯಲ್ಲಿ ನೋಡಬೇಕಾದ ಮೂರನೆಯ ಸಂಗತಿ ನಡುವಿನ ಸಂದು. 230 ಮಿ.ಮೀ. ಉದ್ದ, 70 ಮಿ.ಮೀ. ಎತ್ತರದ ಇಟ್ಟಿಗೆಗೆ 10 ಮಿ.ಮೀ. ಸಂದು ಇಟ್ಟರೆ ಗೋಡೆಯ ಮುಖದಲ್ಲಿ ಸುಮಾರು 16 ಪ್ರತಿಶತ ಬರೀ ಗಾರೆಯೇ ಇರುತ್ತದೆ. ಮೂವತ್ತಡಿ ದೂರ ನಿಂತರೆ ಗಾರೆಯೂ ಇಟ್ಟಿಗೆಯೂ ಕಣ್ಣಲ್ಲಿ ಕಲೆತು ಒಂದೇ ಬಣ್ಣವಾಗುತ್ತವೆ. ಸಿಮೆಂಟಿನ ಬೂದು ಸಂದಿದ್ದರೆ ಗೋಡೆ ತಂಪಾಗಿ ಕಾಣುತ್ತದೆ, ಮರಳು ಬಣ್ಣದ್ದಿದ್ದರೆ ಬೆಚ್ಚಗೆ ಕಾಣುತ್ತದೆ. ನಿಮ್ಮ ಗಿಲಾವಿನ ಬಣ್ಣಕ್ಕೆ ಸುಳಿವು ಸಿಗುವುದೂ ಅಲ್ಲೇ: ಸಂದಿನ ಬಣ್ಣದ ಜಾತಿಯದನ್ನೇ ಹಿಡಿದು ನಾಲ್ಕು ಪಟ್ಟು ತಿಳಿ ಮಾಡಿ.

ಕಿತ್ತಳೆ ಕಡೆಯ ಇಟ್ಟಿಗೆಗೆ ಕೆನೆಬಿಳಿ, ಅಕ್ಕಿಹಿಟ್ಟಿನ ಬಣ್ಣ, ತಿಳಿ ಗಂಧ ಒಪ್ಪುತ್ತವೆ. ನೇರಳೆಗಪ್ಪಿನ ಕಡೆಯದಕ್ಕೆ ಬೆಚ್ಚನೆಯ ಬೂದುಬಿಳಿ. ಶೇಡ್ ಕಾರ್ಡಿನಲ್ಲಿ ಎಲ್‌ಆರ್‌ವಿ ಅಂತ ಒಂದು ಅಂಕಿ ಕೊಟ್ಟಿರುತ್ತಾರೆ, ಬಣ್ಣ ಎಷ್ಟು ಬೆಳಕು ಮರಳಿಸುತ್ತದೆ ಎನ್ನುವುದರ ಲೆಕ್ಕ. 65ರಿಂದ 75ರ ನಡುವೆ ಇರಲಿ. 85 ದಾಟಿದ ಹಿಮಬಿಳಿಯನ್ನು ಪಡುವಣ ಬಿಸಿಲಿಗೆ ಒಡ್ಡಿದರೆ ಕಣ್ಣು ಕುಕ್ಕುತ್ತದೆ, ಪಕ್ಕದ ಇಟ್ಟಿಗೆ ಇರುವುದಕ್ಕಿಂತ ಕೆಂಪಾಗಿ ಅರಚುತ್ತದೆ.

ಕಿಟಕಿಗೆ ಉತ್ತರ ನಿಮ್ಮ ಮನೆಯ ಬುಡದಲ್ಲೇ ಇದೆ. ಶನಿವಾರವಾಡೆಯ ಹೊರಗೋಡೆ ನೋಡಿ, ಕೆಳಗೆ ಕರಿಕಲ್ಲು, ಮೇಲೆ ಇಟ್ಟಿಗೆ. ಈ ಊರಿನ ಹಳೆಯ ಜೋಡಿ ಅದು. ಕರಿಕಲ್ಲಿನ ಇದ್ದಿಲುಬೂದನ್ನೇ ಚೌಕಟ್ಟಿಗೆ ತನ್ನಿ. ಅಲ್ಯೂಮಿನಿಯಮ್ ಆದರೆ ಪೌಡರ್ ಕೋಟಿಂಗಿನವರಿಗೆ ರಾಲ್ 7016 ಅಂತ ಹೇಳಿ, ಅದು ಬಣ್ಣದ ಸಂಖ್ಯೆ. ಹಸಿರು ಇಷ್ಟವಿದ್ದರೆ ರಾಲ್ 6009, ಕಪ್ಪಿಗೆ ಹತ್ತಿರದ ಕಡುಹಸಿರು. ಕೆಂಪಿನ ಎದುರು ಹಸಿರು ಎಂದೂ ಸೋಲುವುದಿಲ್ಲ. ಮನೆ ಮುಂದೆ ಮಾವು ಬೇವು ಇದ್ದರೆ ಇನ್ನೂ ಚೆಂದ.

ಮಾಟುಂಗಾ_ಮಹಡಿ
ಕರಣಿಯವರು ಹೇಳಿದ್ದು ಪುಣೆಗೆ ಸರಿ. ಮುಂಬಯಿಯಲ್ಲಿ ಕೆನೆಬಿಳಿ ಅಂತ ಹೊಡೆಸಿ ಎರಡು ಮಳೆಗಾಲ ಕಳೆದ ಮೇಲೆ ಬಂದು ನೋಡಿ ಮಾರಾಯ್ರೇ, ಪ್ಯಾರಪೆಟ್ಟಿನಿಂದ ಕೆಳಗೆ ಕಪ್ಪು ಗೀರುಗಳೇ. ಪುಣೆಗೆ ಬೀಳುವುದು ವರ್ಷಕ್ಕೆ ಸುಮಾರು 700 ಮಿ.ಮೀ., ಇಲ್ಲಿ 2,000ದ ಮೇಲೆ. ಗೋಡೆ ಆರುವುದರೊಳಗೆ ಪಾಚಿ ಕೂತಿರುತ್ತದೆ. ನಾನಾದರೆ ತಿಳಿಬಿಳಿ ಬಿಟ್ಟು ನಡು ಛಾಯೆ ಹಿಡಿಯುತ್ತೇನೆ: ಬೂದು ಕಲೆತ ಪಾಚಿಹಸಿರು, ಒದ್ದೆ ಮರಳಿನ ಬಣ್ಣ, ಎಲ್‌ಆರ್‌ವಿ 40ರಿಂದ 50. ಇಟ್ಟಿಗೆಯೂ ಇಲ್ಲಿ ಬೇಗ ಕಪ್ಪಾಗುವುದರಿಂದ ಜೋಡಿ ಕೆಡುವುದಿಲ್ಲ.

ಗೀರು ಬೀಳುವುದಕ್ಕೆ ಬಣ್ಣವೊಂದನ್ನೇ ದೂರಬೇಡಿ. ಸಜ್ಜೆಯ (ಕಿಟಕಿ ಮೇಲಿನ ಚಾಚು) ಅಡಿಯಲ್ಲಿ, ಅಂಚಿನಿಂದ ಒಂದೂವರೆ ಇಂಚು ಒಳಗೆ, ಅರ್ಧ ಇಂಚಿನ ತೋಡು ಉದ್ದಕ್ಕೂ ಎಳೆದಿರಬೇಕು. ನೀರು ಅಲ್ಲಿ ತಡೆದು ಹನಿಯಾಗಿ ಬೀಳುತ್ತದೆ. ತೋಡು ಇಲ್ಲದಿದ್ದರೆ ಅಡಿಮೈ ಹಿಡಿದುಕೊಂಡೇ ಗೋಡೆಗೆ ಬಂದು ಧೂಳಿನ ಗೆರೆ ಎಳೆಯುತ್ತದೆ. ಪ್ಯಾರಪೆಟ್ಟಿನ ತಲೆಯ ಇಳಿಜಾರು ಒಳಗೆ, ಮಹಡಿಯ ಕಡೆಗೆ ಇರಲಿ, ರಸ್ತೆ ಕಡೆಗೆ ಬೇಡ. ಬಣ್ಣಕ್ಕೆ ಮೊದಲು ಇವೆರಡನ್ನು ಗೌಂಡಿಯಿಂದ ಮಾಡಿಸಿಕೊಳ್ಳಿ.

ಗ್ರಿಲ್ ಬಗ್ಗೆ ಒಂದು ಮಾತು. ರೆಡ್ ಆಕ್ಸೈಡ್ ಪ್ರೈಮರ್ ಹೊಡೆದು ನೇರವಾಗಿ ತಿಳಿ ಬಣ್ಣದ ಎನಾಮಲ್ ಎಳೆದರೆ ಕೆಂಪು ಇಣುಕುತ್ತದೆ, ಅಂಚು ಸವೆದಾಗ ಇನ್ನೂ ಹೆಚ್ಚು. ತಿಳಿ ಬಣ್ಣವೇ ಬೇಕಿದ್ದರೆ ನಡುವೆ ಬೂದು ಅಂಡರ್‌ಕೋಟ್ ಕೊಡಿಸಿ. ಸಮುದ್ರದ ಗಾಳಿ ನೇರ ಬಡಿಯುವ ಕಡೆ ಎನಾಮಲ್ಲಿಗೆ ಆಯುಸ್ಸಿಲ್ಲ. ಅಲ್ಲಿ ಕಬ್ಬಿಣವನ್ನು ಹೊಳೆಯುವ ತನಕ ಉಜ್ಜಿ, ಎಪಾಕ್ಸಿ ಝಿಂಕ್ ಫಾಸ್ಫೇಟ್ ಪ್ರೈಮರ್, ಅದರ ಮೇಲೆ ಪಿಯು (ಪಾಲಿಯುರೆಥೇನ್) ಬಣ್ಣ. ಬೆಸುಗೆಯ ಗಂಟು ಮತ್ತು ಕಂಬಿ ಗೋಡೆಗೆ ಹೊಕ್ಕ ಜಾಗ, ತುಕ್ಕು ಹುಟ್ಟುವುದು ಇವೆರಡರಲ್ಲೇ. ಅಲ್ಲಿ ಕುಂಚದಿಂದ ಒಂದು ಕೈ ಹೆಚ್ಚಿಗೆ ಕೊಡಿಸಿ.

ಗಾರೆ_ಕರಣಿ
ಮುಂಬಯಿಗೆ ನಡು ಛಾಯೆ ಒಪ್ಪುತ್ತೇನೆ. ಆದರೆ ಪುಣೆಯ ಪಡುವಣ ಗೋಡೆಗೆ ಅದನ್ನು ಇನ್ನಷ್ಟು ಗಾಢ ಮಾಡಬೇಡಿ. ಏಪ್ರಿಲ್–ಮೇ ಬಿಸಿಲಿಗೆ ಗಾಢ ಬಣ್ಣದ ಗಿಲಾವು ಹಗಲು ಕಾದು ಹಿಗ್ಗಿ, ರಾತ್ರಿ ತಣಿದು ಕುಗ್ಗಿ ಕೂದಲೆಳೆಯ ಬಿರುಕು ಬಿಡುತ್ತದೆ. ಇದ್ದಿಲುಬೂದು ಚೌಕಟ್ಟಿಗೆ, ಗೇಟಿಗೆ, ಬಾಗಿಲಿಗೆ ಸಾಕು, ಇಡೀ ಗೋಡೆಗೆ ಬೇಡ.

ಬಾವಧನ್_ಮನಿ
ಹಾಳಿ ಹಿಡಿದು ನೋಡೀನ್ರಿ, ಕಿತ್ತಳಿ ಕಡೆ ಅದ. ನೀರು ಎರಚಿದ ಮ್ಯಾಲೆ ಚಾಕಲೇಟಿನಂಗ ಕಾಣಾಕ್ಹತ್ತಿತು. ಆದ್ರ ಇನ್ನೊಂದು ಅನುಮಾನ ಬಂತು. ಪಾವಟಿಗಿ ಗ್ವಾಡಿ ಮ್ಯಾಲೆ ಅಲ್ಲಲ್ಲೆ ಬೆಳ್ಳಗ ಹಿಟ್ಟು ಉದುರಿಸಿದಂಗ ಆಗೇದ. ವಾರ್ನಿಶ್ ಹೊಡದ್ರ ಅದು ಮುಚ್ಚತದೇನು?

ಗಾರೆ_ಕರಣಿ
ಮುಚ್ಚುವುದಿಲ್ಲ, ಒಳಗೆ ಸಿಕ್ಕಿಹಾಕಿಕೊಳ್ಳುತ್ತದೆ. ಅದು ಉಪ್ಪು. ಇಟ್ಟಿಗೆಯ ಮಣ್ಣಿನಲ್ಲಿ, ಸಿಮೆಂಟಿನಲ್ಲಿ, ಕ್ಯೂರಿಂಗಿಗೆ ಬಳಸಿದ ಬೋರ್‌ವೆಲ್ ನೀರಿನಲ್ಲಿ ಕರಗಿದ್ದ ಲವಣ ತೇವದ ಜೊತೆ ಮುಖಕ್ಕೆ ಬಂದು, ನೀರು ಆರಿದ ಮೇಲೆ ಅಲ್ಲೇ ಉಳಿಯುತ್ತದೆ. ಹೊಸ ಗೋಡೆಯಲ್ಲಿ ಇದು ಸಹಜ. ಮೇಲೆ ವಾರ್ನಿಶ್ ಹೊಡೆದರೆ ಉಪ್ಪು ಪೊರೆಯ ಹಿಂದೆ ಹರಳುಗಟ್ಟಿ ಪೊರೆಯನ್ನೂ ಅದರ ಜೊತೆ ಇಟ್ಟಿಗೆಯ ಚಕ್ಕೆಯನ್ನೂ ತಳ್ಳುತ್ತದೆ.

ಹೀಗೆ ಮಾಡಿ. ಗೋಡೆ ಚೆನ್ನಾಗಿ ಒಣಗಿದ ದಿನ ನೈಲಾನ್ ಬ್ರಶ್ಶಿನಿಂದ ಒಣಗಿದ್ದಂತೆಯೇ ಉಜ್ಜಿ, ಪುಡಿಯನ್ನು ಕೆಳಗೆ ಗೋಣಿಯ ಮೇಲೆ ಹಿಡಿದು ಎತ್ತಿಬಿಡಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಇಟ್ಟಿಗೆಯೊಳಗೇ ಹೋಗುತ್ತದೆ, ವಾರದಲ್ಲಿ ವಾಪಸ್ಸು. ತಂತಿ ಬ್ರಶ್ ಬೇಡವೇ ಬೇಡ, ಮುರಿದ ಎಳೆ ಸಂದಿನಲ್ಲಿ ಉಳಿದು ತುಕ್ಕಿನ ಚುಕ್ಕೆಯಾಗುತ್ತದೆ. ಹದಿನೈದು ದಿನಕ್ಕೊಮ್ಮೆ ಮೂರು ನಾಲ್ಕು ಸಲ ಉಜ್ಜಿದರೆ ಬಹುಪಾಲು ಹೋಗುತ್ತದೆ. ಸಿಮೆಂಟಿನ ಗಟ್ಟಿ ಕಲೆ ಉಳಿದರೆ ಮಾತ್ರ ಹೈಡ್ರೋಕ್ಲೋರಿಕ್ ಆಸಿಡ್: ಹತ್ತು ಪಾಲು ನೀರಿಗೆ ಒಂದು ಪಾಲು. ಆಸಿಡನ್ನು ನೀರಿಗೆ ಸುರಿಯಬೇಕು, ನೀರನ್ನು ಆಸಿಡಿಗೆ ಸುರಿಯಬಾರದು. ಕೈಗವಸು, ಕನ್ನಡಕ ಹಾಕಿಕೊಳ್ಳಿ. ಗೋಡೆಯನ್ನು ಮೊದಲು ತೋಯಿಸಿ, ಆಸಿಡ್ ಹಚ್ಚಿ, ಕೆಲವೇ ನಿಮಿಷದಲ್ಲಿ ಧಾರಾಳ ನೀರಿನಿಂದ ತೊಳೆಯಿರಿ. ಒಣ ಗೋಡೆಗೆ ಹಚ್ಚಿದರೆ ಇಟ್ಟಿಗೆ ಆಸಿಡನ್ನೇ ಕುಡಿಯುತ್ತದೆ, ಸಂದಿನ ಗಾರೆ ಸುಟ್ಟು ಮರಳು ಉದುರುತ್ತದೆ. ಕಲೆ ಹಸಿರು–ಹಳದಿ ಇದ್ದರೆ ಆಸಿಡ್ ಮುಟ್ಟಿಸಲೇಬೇಡಿ. ಅದು ವೆನೇಡಿಯಮ್ ಲವಣ, ಆಸಿಡ್ ತಾಗಿದರೆ ಕಂದಾಗಿ ಕಚ್ಚಿಕೊಳ್ಳುತ್ತದೆ.

ಹೊಳಪಿನ ವಾರ್ನಿಶ್ ಬೇಡ. ಬೇಕಾದ್ದು ಸಿಲೇನ್–ಸಿಲಾಕ್ಸೇನ್ ನೀರುನಿರೋಧಕ. ಅದು ಪೊರೆ ಕಟ್ಟುವುದಿಲ್ಲ, ರಂಧ್ರದ ಗೋಡೆಗೆ ಅಂಟಿಕೊಂಡು ನೀರನ್ನು ಹನಿಯಾಗಿ ಜಾರಿಸುತ್ತದೆ, ಆವಿಗೆ ದಾರಿ ಬಿಡುತ್ತದೆ, ಬಣ್ಣವೂ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಆದರೆ ನನ್ನ ಅಭಿಪ್ರಾಯ ಕೇಳಿದರೆ ಈಗ ಬೇಡ. ಒಂದು ಮಳೆಗಾಲ ಕಳೆಯಲಿ, ಇರುವ ಉಪ್ಪೆಲ್ಲ ಹೊರಗೆ ಬರಲಿ, ಡಿಸೆಂಬರಿನ ಒಣಗಾಳಿಗೆ ಉಜ್ಜಿ ಹಚ್ಚಿ. ಹಚ್ಚುವ ಹಿಂದಿನ ರಾತ್ರಿ ಒಂದೂವರೆ ಅಡಿ ಪ್ಲಾಸ್ಟಿಕ್ ಹಾಳೆಯನ್ನು ನಾಲ್ಕೂ ಕಡೆ ಟೇಪ್ ಹಾಕಿ ಗೋಡೆಗೆ ಅಂಟಿಸಿ. ಬೆಳಿಗ್ಗೆ ಒಳಗೆ ಬೆವರಿದ್ದರೆ ಗೋಡೆ ಇನ್ನೂ ಹಸಿ, ಕಾಯಿರಿ. ಕೆಳಗಿನಿಂದ ಮೇಲಕ್ಕೆ ಸಿಂಪಡಿಸುತ್ತ ಹೋಗಿ, ಮೊದಲ ಕೈ ಆರುವ ಮೊದಲೇ ಎರಡನೆಯದು ಕೊಡಬೇಕು, ಆರಿದರೆ ಎರಡನೆಯದು ಒಳಗೆ ಇಳಿಯುವುದಿಲ್ಲ. ಎಷ್ಟು ಲೀಟರ್ ಬೇಕೆನ್ನುವುದು ಇಟ್ಟಿಗೆಯ ಮೇಲೆ ಹೋಗುತ್ತದೆ. ಒಂದು ಚದರ ಮೀಟರಿಗೆ ಹಚ್ಚಿ ನೋಡಿ, ಅದರಿಂದ 56 ಚದರ ಮೀಟರಿಗೆ ಲೆಕ್ಕ ಹಾಕಿ. ಗಾಜು, ಅಲ್ಯೂಮಿನಿಯಮ್, ಗಿಲಾವು ಎಲ್ಲಕ್ಕೂ ಪ್ಲಾಸ್ಟಿಕ್ ಹೊದಿಸಿ. ಗಾಜಿಗೆ ಹಾರಿದರೆ ಮಂಜು ಕವಿದಂತಾಗುತ್ತದೆ, ಗಿಲಾವಿಗೆ ಹಾರಿದರೆ ಮುಂದೆ ಅಲ್ಲಿ ಬಣ್ಣ ಹಿಡಿಯುವುದಿಲ್ಲ.

ಮಡಗಾಂವ್_ಚಿರೆಕಲ್ಲು
ಗೋವಾದಲ್ಲಿ ಕೆಂಪೆಂದರೆ ಹೆಚ್ಚಾಗಿ ಇಟ್ಟಿಗೆಯಲ್ಲ, ಚಿರೆಕಲ್ಲು. ಮುರಕಲ್ಲು, ಜಂಬಿಟ್ಟಿಗೆ ಅನ್ನುವುದೂ ಇದನ್ನೇ. ಅದರ ಬಣ್ಣ ಒಂದೇ ಕಲ್ಲಿನೊಳಗೆ ಗೋಪಿಚಂದನದ ಹಳದಿಯಿಂದ ಕಡುಗೆಂಪಿನ ತನಕ ಓಡುತ್ತದೆ. ಹಾಗಾಗಿ ಅದರ ಪಕ್ಕಕ್ಕೆ ಬಣ್ಣ ಆರಿಸುವುದು ಇಟ್ಟಿಗೆಗಿಂತ ಸುಲಭ: ಕಲ್ಲಿನಲ್ಲೇ ಇರುವ ಹಳದಿಯನ್ನು ಎತ್ತಿ ಗಿಲಾವಿಗೆ ಹಚ್ಚಿ, ಕಿಟಕಿ ಬಾಗಿಲ ಸುತ್ತ ನಾಲ್ಕರಿಂದ ಆರು ಇಂಚಿನ ಬಿಳಿ ಪಟ್ಟಿ ಕೊಡಿ. ಪಣಜಿಯ ಫೊಂಟೇನ್ಹಾಸ್ ಕೇರಿಯಲ್ಲಿ ನಡೆದರೆ ಹಳದಿ, ನೀಲಿ, ಕೆಂಪು ಗೋಡೆಗಳನ್ನೆಲ್ಲ ಹಿಡಿದು ಕೂರಿಸುವುದು ಆ ಬಿಳಿ ಅಂಚೇ ಎಂದು ತಿಳಿಯುತ್ತದೆ. ಕೊಂಕಣದ ಹಳೆಯ ದೇವಸ್ಥಾನಗಳ ಕಾವಿ ಚಿತ್ರವೂ ಇದೇ ಜೋಡಿ, ಸುಣ್ಣದ ಬಿಳಿ ಗಿಲಾವಿನ ಮೇಲೆ ಕೆಮ್ಮಣ್ಣಿನ ಕೆಂಪು. ಆ ಬಿಳಿ ಸುಣ್ಣದ್ದು, ಒಳಗೆ ಸಣ್ಣ ಹಳದಿ ಇರುತ್ತದೆ, ಅದಕ್ಕೇ ಕೆಂಪನ್ನು ಹೊಡೆಯುವುದಿಲ್ಲ. ಡಬ್ಬದ ನೀಲಿಬಿಳಿ ತಂದಿಟ್ಟರೆ ಆ ಒಪ್ಪ ಬರುವುದಿಲ್ಲ.

ಹಳೆಯ ಸುಣ್ಣದ ಗೋಡೆ ಇರುವವರು ಸುಣ್ಣದಲ್ಲೇ ಮುಂದುವರಿಯುವುದು ಒಳ್ಳೆಯದು. ಅರಳಿಸಿದ ಸುಣ್ಣವನ್ನು ವಾರಗಟ್ಟಲೆ ನೀರಿನಲ್ಲಿ ನೆನೆಹಾಕಿ, ಬಟ್ಟೆಯಲ್ಲಿ ಸೋಸಿ, ಹಾಲಿನ ಹದಕ್ಕೆ ತನ್ನಿ. ಗೋಡೆಗೆ ನೀರು ಚಿಮುಕಿಸಿ ತೆಳ್ಳಗೆ ಮೂರು ನಾಲ್ಕು ಕೈ. ದಪ್ಪಗೆ ಎರಡೇ ಕೈಯಲ್ಲಿ ಮುಗಿಸಿದರೆ ಬಿರಿದು ಪುಡಿಯಾಗಿ ಉದುರುತ್ತದೆ. ಬಣ್ಣದ ಪುಡಿ ಸುಣ್ಣದ ತೂಕದ ಹತ್ತನೇ ಒಂದು ಪಾಲು ಮೀರಬಾರದು, ಅದೂ ಸುಣ್ಣಕ್ಕೆ ಹೆದರದ ಮಣ್ಣಿನ ಬಣ್ಣ ಅಥವಾ ಐರನ್ ಆಕ್ಸೈಡ್. ಹಚ್ಚುವಾಗ ಕಂಡ ಬಣ್ಣ ಆರಿದಾಗ ಬಹಳ ತಿಳಿಯಾಗುತ್ತದೆ, ಹಾಗಾಗಿ ಒಂದು ಕಲ್ಲಿಗೆ ಹಚ್ಚಿ, ಮಾರನೇ ದಿನ ನೋಡಿಯೇ ಬಕೆಟ್ಟಿಗೆ ಕೈ ಹಾಕಿ. ಮಳೆಗಾಲ ಕಳೆದ ಮೇಲೆ ಆಗಾಗ ಮೇಲೆ ಒಂದು ಕೈ ಬೇಕೇ ಬೇಕು. ಸುಣ್ಣದ ಮೇಲೆ ಎಮಲ್ಷನ್‌ಗೆ ಹೋಗುವುದಾದರೆ ಪುಡಿ ಬಿಡುವ ಪದರವನ್ನೆಲ್ಲ ಕೆರೆಯಬೇಕು, ಇಲ್ಲದಿದ್ದರೆ ಎಮಲ್ಷನ್ ಸುಣ್ಣಕ್ಕೆ ಅಂಟುತ್ತದೆ, ಸುಣ್ಣ ಗೋಡೆಗೆ ಅಂಟಿರುವುದಿಲ್ಲ.

ಬುಡದ ಎರಡಡಿಗೆ ಕಾವಿಯಂಥ ಕೆಂಪುಪಟ್ಟಿ ಬಿಡಿ. ಸೂರಿನ ನೀರು ನೆಲಕ್ಕೆ ಬಡಿದು ಕೆಂಪುಮಣ್ಣು ಹಾರುವುದು ಅಷ್ಟು ಎತ್ತರಕ್ಕೇ. ಬಿಳಿ ಹೊಡೆದರೆ ಜೂನ್ ತಿಂಗಳಲ್ಲೇ ಹೋಯಿತು.

ಠಾಣೆ_ಶೇಡ್‌ಕಾರ್ಡ್
ಬಣ್ಣದಂಗಡಿ ಕೌಂಟರಿನ ಈಚೆ ಕಡೆಯಿಂದ ನಾಲ್ಕು ಮಾತು. ಎಲ್ಲ ಬಣ್ಣವೂ ಬಿಸಿಲಿಗೆ ಒಂದೇ ರೀತಿ ನಿಲ್ಲುವುದಿಲ್ಲ. ಗೋಪಿ ಹಳದಿ, ಕಾವಿ, ಕಂದು, ಬೂದು, ಇವು ಹೆಚ್ಚಾಗಿ ಐರನ್ ಆಕ್ಸೈಡ್ ಮತ್ತು ಕಾರ್ಬನ್ ಕಪ್ಪಿನಿಂದ ಆಗುವಂಥವು, ವರ್ಷಗಟ್ಟಲೆ ಬಾಳುತ್ತವೆ. ನಿಂಬೆಹಳದಿ, ಗುಲಾಬಿ, ನೇರಳೆ ಹೊರಗೋಡೆಯಲ್ಲಿ ಬೇಗ ಮಾಸುತ್ತವೆ. ಇಟ್ಟಿಗೆಯ ಕೆಂಪು ಮಾಸುವುದಿಲ್ಲವಲ್ಲ, ಹಾಗಾಗಿ ಪಕ್ಕದ ಗೋಡೆ ಮಾಸಿದ್ದು ಇಮ್ಮಡಿಯಾಗಿ ಕಾಣುತ್ತದೆ. ಇನ್ನೊಂದು ತಪ್ಪು, ಇಟ್ಟಿಗೆ ಬಣ್ಣದ್ದೇ ಎಮಲ್ಷನ್ ಗಿಲಾವಿಗೆ ಹೊಡೆಸುವುದು. ಇಟ್ಟಿಗೆಯಲ್ಲಿ ನೂರು ಛಾಯೆ, ಡಬ್ಬದಲ್ಲಿ ಒಂದೇ. ಪಕ್ಕಪಕ್ಕ ನಿಂತರೆ ಎರಡೂ ಕೆಡುತ್ತವೆ.

ಸ್ಯಾಂಪಲ್ಲಿಗೆ ಚಿಕ್ಕ ಡಬ್ಬ ತಂದು ಮೂರಡಿಗೆ ಮೂರಡಿ ಹಚ್ಚಿ, ಇಟ್ಟಿಗೆಗೆ ಅಂಟಿದ ಮೂಲೆಯಲ್ಲೇ, ಎರಡು ಕೈ. ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ, ಸಂಜೆ ಐದೂವರೆಗೆ ನೋಡಿ. ಬಡಗಣ ಗೋಡೆಯ ನೆರಳಿನಲ್ಲಿ ಬೂದು ನೀಲಿಗೆ ತಿರುಗುತ್ತದೆ. ಅದೇ ಬೂದು ಪಡುವಣ ಸಂಜೆ ಬಿಸಿಲಿಗೆ ಕೆನೆಯಾಗಿ ಕಾಣುತ್ತದೆ. ಮಷಿನ್‌ನಲ್ಲಿ ಬಣ್ಣ ಬೆರೆಸುವಾಗ ಎಲ್ಲ ಡಬ್ಬ ಒಂದೇ ಬ್ಯಾಚಿನ ಬೇಸ್ ಇರಲಿ, ಒಂದೇ ದಿನ ತೆಗೆದುಕೊಳ್ಳಿ. ಆದರೂ ದೊಡ್ಡ ಡ್ರಮ್ಮಿಗೆ ಸುರಿದು ಕಲೆಸಿಕೊಂಡೇ ಹಚ್ಚಿಸಿ, ಇಲ್ಲದಿದ್ದರೆ ಗೋಡೆ ನಡುವೆ ಡಬ್ಬ ಬದಲಾದ ಗೆರೆ ಕಾಣುತ್ತದೆ. ಹೊರಗೋಡೆಗೆ ಪುಟ್ಟಿ ಬೇಕೆನಿಸಿದರೆ ಬಿಳಿಸಿಮೆಂಟಿನದ್ದೇ, ಒಳಗೋಡೆಯ ಅಕ್ರಿಲಿಕ್ ಪುಟ್ಟಿ ಮಳೆಗೆ ಮೆತ್ತಗಾಗುತ್ತದೆ. ಗಿಲಾವು ಆರಲು ಬೇಕಾದ 28 ದಿನ ದಾಟಿದೆ, ಪ್ರೈಮರ್‌ಗೆ ಅಡ್ಡಿಯಿಲ್ಲ.

ಮುಲುಂಡ್_ಫ್ಲ್ಯಾಟ್
ಫ್ಲ್ಯಾಟಿನ ಹಾಲ್‌ನಲ್ಲಿ ಟಿವಿ ಹಿಂದಿನ ಗೋಡೆಗೆ ಇಟ್ಟಿಗೆ ಟೈಲ್ ಹಾಕಿಸುವ ಯೋಚನೆ. ಉಳಿದ ಮೂರು ಗೋಡೆಗೆ ಏನು? ಬಾಲ್ಕನಿಯ ಹೊರಮುಖಕ್ಕೂ ಅದೇ ಟೈಲ್ ಹಾಕಬಹುದೇ?

ಮಾಟುಂಗಾ_ಮಹಡಿ
ಬಾಲ್ಕನಿಯ ಹೊರಮುಖ ಸೊಸೈಟಿಯದ್ದು, ಲಿಖಿತ ಒಪ್ಪಿಗೆ ಇಲ್ಲದೆ ಮುಟ್ಟಬೇಡಿ. ಒಳಗೆ ಧಾರಾಳ ಹಾಕಿಸಿ. 20 ಮಿ.ಮೀ. ದಪ್ಪದ್ದು ಚದರ ಮೀಟರಿಗೆ ಸುಮಾರು 35 ಕಿಲೋ ತೂಗುತ್ತದೆ, ಹಾಗಾಗಿ ಬಣ್ಣದ ಮೇಲೆ ಅಥವಾ ಜಿಪ್ಸಮ್ ಗಿಲಾವಿನ ಮೇಲೆ ಅಂಟಿಸಬಾರದು. ಸಿಮೆಂಟ್ ಗಿಲಾವು ಸಿಗುವ ತನಕ ಕೆತ್ತಿಸಿ, ಟೈಲ್ ಅಡೆಸಿವ್‌ನಲ್ಲಿ ಕೂರಿಸಿ.

ಉಳಿದ ಮೂರು ಗೋಡೆಗೆ ಹೊಳಪಿಲ್ಲದ ಅಕ್ಕಿಹಿಟ್ಟಿನ ಬಿಳಿ, ಒಳಚಾವಣಿಗೂ ಅದೇ. ಬಣ್ಣಕ್ಕಿಂತ ದೀಪ ಮುಖ್ಯ. 6,500 ಕೆಲ್ವಿನ್ನಿನ ಟ್ಯೂಬ್‌ಲೈಟ್ ಬೆಳಕಿಗೆ ಇಟ್ಟಿಗೆ ಸತ್ತ ಕಂದು. 2,700ರಿಂದ 3,000ದ ಎಲ್‌ಇಡಿ ತನ್ನಿ, ಸಿಆರ್‌ಐ 90ರ ಮೇಲಿರಲಿ, ದೀಪ ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎನ್ನುವ ಅಂಕಿ ಅದು. ಪೆಟ್ಟಿಗೆಯ ಮೇಲೆ ಆರ್9 ಅಂತ ಅಂಕಿ ಇದ್ದರೆ 50ಕ್ಕಿಂತ ಹೆಚ್ಚಿನದನ್ನೇ ಆರಿಸಿ, ಕಡುಗೆಂಪನ್ನು ದೀಪ ಎಷ್ಟು ನಿಜವಾಗಿ ತೋರಿಸುತ್ತದೆ ಎನ್ನುವುದರ ಅಳತೆ ಅದು. ಅಗ್ಗದ ಎಲ್‌ಇಡಿಯಲ್ಲಿ ಆರ್9 ಸೊನ್ನೆಯ ಹತ್ತಿರ. ದೀಪ ಗೋಡೆಯಿಂದ ಆರೆಂಟು ಇಂಚಿನಲ್ಲಿದ್ದರೆ ಪ್ರತಿ ಇಟ್ಟಿಗೆಯ ಅಂಚಿಗೂ ನೆರಳು ಬಿದ್ದು ಗೋಡೆಗೆ ಜೀವ ಬರುತ್ತದೆ. ಟೈಲ್ ಕೂರಿಸಿದವರ ಕೈ ಓರೆಕೋರೆಯಾಗಿದ್ದರೆ ಅದೂ ಕಾಣುತ್ತದೆ, ಆಗ ಎರಡೂವರೆ ಅಡಿ ದೂರ ಇಡಿಸಿ.

ಬಾವಧನ್_ಮನಿ
ಭಾಳ ಉಪಕಾರ ಆತ್ರಿ ಎಲ್ಲಾರದು. ಗಿಲಾವಿಗೆ ಅಕ್ಕಿಹಿಟ್ಟಿನ ಬಣ್ಣ, ಎಲ್‌ಆರ್‌ವಿ 70ರ ಸುತ್ತಮುತ್ತ. ಚೌಕಟ್ಟು, ಗೇಟು ಇದ್ದಿಲುಬೂದು. ತಲಬಾಗಲಕ್ಕ ಕಡುಹಸಿರು. ಇಟ್ಟಂಗಿ ಡಿಸೆಂಬರ್ ತನಕ ಹಂಗ ಬಿಡೂದು, ಬರೇ ಉಜ್ಜೂದು. ಸಜ್ಜಾದ ಅಡಿಯ ತೋಡಿಗೆ ನಾಳೆ ಗೌಂಡಿ ಬರತಾನ. 1,400 ಚದರ ಅಡಿಗೆ ಪ್ರೈಮರ್ 14 ಲೀಟರ್, ಬಣ್ಣ 14 ಲೀಟರ್ ಸಾಕಲ್ರಿ?

ಠಾಣೆ_ಶೇಡ್‌ಕಾರ್ಡ್
ಪ್ರೈಮರ್ ಲೆಕ್ಕ ಸರಿ, ಲೀಟರಿಗೆ ನೂರು ಚದರ ಅಡಿ ಹಿಡಿಯಬಹುದು. ಬಣ್ಣದ್ದು ತಪ್ಪಿದೆ, ನೀವು ಒಂದೇ ಕೈಗೆ ಹಾಕಿದ್ದೀರಿ. ಹೊರಗಿನ ಎಮಲ್ಷನ್ ಎರಡು ಕೈಗೆ ಲೀಟರಿಗೆ ಐವತ್ತು ಚದರ ಅಡಿ ಹಿಡಿದರೆ 28 ಲೀಟರ್. 20ರ ಒಂದು, 10ರ ಒಂದು ತನ್ನಿ, ಉಳಿದ ಎರಡು ಲೀಟರ್ ಮುಚ್ಚಳ ಬಿಗಿದು ನೆರಳಲ್ಲಿಡಿ, ಮುಂದೆ ತೇಪೆಗೆ ಬೇಕಾಗುತ್ತದೆ. ಡಬ್ಬದ ಮೇಲೆ ಹೇಳಿದ್ದಕ್ಕಿಂತ ಒಂದು ಮಗ್ಗೂ ಹೆಚ್ಚು ನೀರು ಹಾಕದಂತೆ ಪೇಂಟರ್ ಪಕ್ಕ ನಿಂತು ನೋಡಿಕೊಳ್ಳಿ. ಎರಡು ಕೈ ನಡುವೆ ನಾಲ್ಕು ತಾಸು ಬಿಡಿಸಿ. ಪಡುವಣ ಕಡೆ ಗಿಲಾವಿನ ತುಂಡೇನಾದರೂ ಇದ್ದರೆ ಅದನ್ನು ಬೆಳಿಗ್ಗೆ ಹನ್ನೊಂದರೊಳಗೆ ಮುಗಿಸಲಿ. ಬಿಸಿಲು ತಿರುಗಿದ ಮೇಲೆ ಕಾದ ಗೋಡೆಗೆ ಹಚ್ಚಿದರೆ ರೋಲರ್ ಗುರುತು ಹಾಗೇ ಉಳಿಯುತ್ತದೆ.